ಗೆಲ್ಲಬೇಕಾದವರು ಸೋತಾಗ

2011ರ ಮಾರ್ಚ್ 2, ಚಿನ್ನಸ್ವಾಮಿ ಕ್ರೀಡಾಂಗಣ, ವಿಶ್ವಕಪ್ ಪಂದ್ಯ. ಇಂಗ್ಲೆಂಡ್ 8 ವಿಕೆಟ್‌ಗೆ 327 ಹೊಡೆದಿತ್ತು. ಇಪ್ಪತ್ತೈದು ಓವರ್ ಆಸುಪಾಸಿನಲ್ಲಿ ಐರ್ಲೆಂಡ್ 111ಕ್ಕೆ 5. ಟಿವಿ ಆರಿಸಿ ಮಲಗಬಹುದಾದ ಸ್ಥಿತಿ. ಹಾಗೆ ಮಲಗಿದವರಿಗೆ ಕೆವಿನ್ ಓಬ್ರಿಯನ್ 50 ಎಸೆತಗಳಲ್ಲಿ ಬಾರಿಸಿದ ಶತಕವೂ ತಪ್ಪಿತು, ಐದು ಎಸೆತ ಬಾಕಿ ಇರುವಾಗ ಐರ್ಲೆಂಡ್ 3 ವಿಕೆಟ್‌ಗಳಿಂದ ಗೆದ್ದದ್ದೂ ತಪ್ಪಿತು.

ಇಂಥ ಫಲಿತಾಂಶ ಬಂದ ಕೂಡಲೇ ಅಭಿಮಾನಿಯಲ್ಲಿ ಎರಡು ಕೆಲಸ ಶುರುವಾಗುತ್ತವೆ. ಮೈ ಬಿಸಿಯೇರುತ್ತದೆ, ಬಾಯಿ ಕಾರಣ ಹುಡುಕುತ್ತದೆ. ಟಾಸ್, ಪಿಚ್, ಇಬ್ಬನಿ, ನಾಯಕನ ಬೌಲಿಂಗ್ ಬದಲಾವಣೆ, ಕೊನೆಗೆ ಆಯ್ಕೆಗಾರರು. ಮೊದಲನೆಯದು ಶರೀರದ ಸಹಜ ಕ್ರಿಯೆ. ಎರಡನೆಯದನ್ನು ಅಷ್ಟಾಗಿ ನಂಬಬೇಕಿಲ್ಲ. ಯಾಕೆಂದರೆ ಅಚ್ಚರಿಯ ಫಲಿತಾಂಶಗಳಲ್ಲಿ ಒಂದಷ್ಟು ಆಟದ ಲೆಕ್ಕದಲ್ಲೇ ಅಡಗಿರುತ್ತವೆ.

ಆ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಒಂದು ಟಿ20 ಪಂದ್ಯದಲ್ಲಿ ಬಲಿಷ್ಠ ತಂಡ ಎದುರಾಳಿಗಿಂತ ಸರಾಸರಿ 15 ರನ್ ಮೇಲು ಎಂದಿಟ್ಟುಕೊಳ್ಳೋಣ. ಆದರೆ ಒಂದೊಂದು ಎಸೆತಕ್ಕೂ ಸೊನ್ನೆ, ಒಂದು, ನಾಲ್ಕು, ಆರು, ವಿಕೆಟ್ ಎಂದು ಏರುಪೇರು ಇದ್ದೇ ಇರುತ್ತದೆ. ಅದೆಲ್ಲ ಕೂಡಿ ಒಂದು ಪಂದ್ಯದ ಅಂತರ ಸುಮಾರು 25 ರನ್‌ನಷ್ಟು ಆಚೀಚೆ ಓಲಾಡುತ್ತದೆ ಎನ್ನೋಣ. ಸಂಖ್ಯಾಶಾಸ್ತ್ರದಲ್ಲಿ ಇದೇ ಮಾನಕ ವಿಚಲನೆ. 15ನ್ನು 25ರಿಂದ ಭಾಗಿಸಿದರೆ 0.6. ಗಂಟೆಯಾಕಾರದ ವಕ್ರರೇಖೆಯ ಕೋಷ್ಟಕದಲ್ಲಿ ಈ 0.6ಕ್ಕೆ ಸಿಗುವ ಉತ್ತರ: ದುರ್ಬಲ ತಂಡ ಗೆಲ್ಲುವ ಸಾಧ್ಯತೆ ಶೇ 27. ನಾಲ್ಕು ಪಂದ್ಯಕ್ಕೆ ಒಂದಕ್ಕಿಂತ ತುಸು ಹೆಚ್ಚೇ!

ಅವೇ ತಂಡಗಳು ಏಕದಿನ ಪಂದ್ಯ ಆಡಲಿ. ಎಸೆತಗಳು 120ರಿಂದ 300ಕ್ಕೆ, ಅಂದರೆ ಎರಡೂವರೆ ಪಟ್ಟಾದವು. ಬಲದ ಅಂತರವೂ ಎರಡೂವರೆ ಪಟ್ಟು ಬೆಳೆದು 37.5 ರನ್ ಆಗುತ್ತದೆ. ಓಲಾಟ ಮಾತ್ರ ಅಷ್ಟು ಬೆಳೆಯುವುದಿಲ್ಲ. ಅದು ಬೆಳೆಯುವುದು ಎರಡೂವರೆಯ ವರ್ಗಮೂಲದಷ್ಟು, ಅಂದರೆ 1.58 ಪಟ್ಟು. 25 ಇದ್ದದ್ದು ಹೆಚ್ಚುಕಡಿಮೆ 40. ಈಗ ದುರ್ಬಲ ತಂಡದ ಪಾಲಿಗೆ ಉಳಿಯುವುದು ಶೇ 17. ಇದಕ್ಕೆ ತಿರುಗುಮುರುಗು ಸೂಪರ್ ಓವರ್, ಅಂದರೆ ಸ್ಕೋರ್ ಸಮವಾದಾಗ ಗೆಲುವು ನಿರ್ಧರಿಸಲು ಎರಡೂ ತಂಡ ಆಡುವ ಒಂದೊಂದು ಓವರ್. ಆರೇ ಎಸೆತ, ಬಲದ ಅಂತರ ಮುಕ್ಕಾಲು ರನ್, ಓಲಾಟ ಐದೂವರೆ ರನ್. ಸಾಧ್ಯತೆ ಶೇ 45ಕ್ಕೆ ಏರಿತು, ನಾಣ್ಯ ಚಿಮ್ಮಿದ ಹಾಗೆ. 2024ರ ಜೂನ್ 6ರಂದು ಡಲ್ಲಾಸ್‌ನಲ್ಲಿ ಅಮೆರಿಕ ಮತ್ತು ಪಾಕಿಸ್ತಾನ ಎರಡೂ 159 ರನ್‌ಗೆ ನಿಂತು, ಸೂಪರ್ ಓವರ್‌ನಲ್ಲಿ ಅಮೆರಿಕ 18, ಪಾಕಿಸ್ತಾನ 13 ಗಳಿಸಿದವು. ಅಮೆರಿಕದ ನಿಜವಾದ ಸಾಧನೆ ಆ ಕೊನೆಯ ಓವರ್ ಗೆದ್ದದ್ದಲ್ಲ, ಪಂದ್ಯವನ್ನು ಅಲ್ಲಿಯತನಕ ಎಳೆದು ತಂದದ್ದು.

ನಿಜವಾದ ಆಟ ಇಷ್ಟು ಸಲೀಸಲ್ಲ ಎಂಬುದು ಬೇರೆ ಮಾತು. ಬೇಗ ಎರಡು ವಿಕೆಟ್ ಬಿದ್ದರೆ ಮುಂದಿನ ಎಸೆತಗಳ ಆಟವೇ ಬದಲಾಗುತ್ತದೆ. ಮಳೆ ಬಂದು ಓವರ್ ಕಡಿತವಾದರೆ ಏಕದಿನವೇ ಟಿ20ಯಾಗಿ ಕುಗ್ಗುತ್ತದೆ. ಆದರೂ ದಿಕ್ಕು ಬದಲಾಗದು: ಆಟ ಚಿಕ್ಕದಾದಷ್ಟೂ ಅಚ್ಚರಿ ಹೆಚ್ಚು. ಪರದೆಯ ಮೂಲೆಯಲ್ಲಿ ಕಾಣುವ ‘ಗೆಲುವಿನ ಸಾಧ್ಯತೆ ಶೇ 90’ ಎಂಬ ಪಟ್ಟಿಯನ್ನೂ ಹೀಗೆಯೇ ಓದಬೇಕು. ಆ ಲೆಕ್ಕ ಸರಿಯಿದ್ದರೆ, ಶೇ 90 ತೋರಿಸಿದ ಪಂದ್ಯಗಳಲ್ಲಿ ಸರಾಸರಿ ಹತ್ತಕ್ಕೆ ಒಂದು ಕೈತಪ್ಪಬೇಕು. ಅಂಥ ನೂರಾರು ಪಂದ್ಯಗಳಲ್ಲಿ ಒಂದೂ ತಪ್ಪದಿದ್ದರೆ ಲೆಕ್ಕವೇ ಕೆಟ್ಟಿದೆ ಎಂದರ್ಥ.

ಇನ್ನು ಮೈ ಬಿಸಿಯೇರುವ ವಿಷಯ. ವೋಲ್ಫ್ರಾಮ್ ಶುಲ್ಜ್ ಎಂಬ ನರವಿಜ್ಞಾನಿ ಕೋತಿಗಳ ಬಾಯಿಗೆ ಹಣ್ಣಿನ ರಸದ ಹನಿ ಬಿಡುತ್ತ, ಮಿದುಳಿನಲ್ಲಿ ಡೋಪಮಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಬಿಡುವ ನರಕೋಶಗಳ ಮಿಡಿತವನ್ನು ಅಳೆದರು. ರಸ ಅನಿರೀಕ್ಷಿತವಾಗಿ ಸಿಕ್ಕಾಗ ಕೋಶಗಳು ಜೋರಾಗಿ ಮಿಡಿದವು. ರಸ ಬರುವ ಮುನ್ನ ಸೂಚನೆಯೊಂದು ಸಿಗುತ್ತದೆಂದು ಕೋತಿ ಕಲಿತ ಮೇಲೆ ಮಿಡಿತ ಸೂಚನೆಗೇ ಸ್ಥಳಾಂತರವಾಯಿತು. ರಸಕ್ಕೆ ವಿಶೇಷ ಪ್ರತಿಕ್ರಿಯೆ ಉಳಿಯಲಿಲ್ಲ. ಸೂಚನೆ ಕೊಟ್ಟು ರಸ ಕೊಡದಿದ್ದಾಗ, ರಸ ಬರಬೇಕಿದ್ದ ಕ್ಷಣಕ್ಕೆ ಸರಿಯಾಗಿ ಮಿಡಿತ ಮಾಮೂಲಿಗಿಂತ ಕೆಳಗೆ ಕುಸಿಯಿತು. ಈ ಕೋಶಗಳು ಲೆಕ್ಕವಿಡುವುದು ಸಿಕ್ಕಿದ್ದನ್ನಲ್ಲ, ನಿರೀಕ್ಷೆಗೂ ಸಿಕ್ಕಿದ್ದಕ್ಕೂ ನಡುವಿನ ವ್ಯತ್ಯಾಸವನ್ನು. ಮನುಷ್ಯರ ಮಿದುಳಿನ ಸ್ಕ್ಯಾನ್‌ಗಳಲ್ಲೂ ಇದೇ ಬಗೆಯ ಸಂಕೇತ ಕಂಡಿದೆ. ದುರ್ಬಲ ತಂಡದ ಎದುರಿನ ಗೆಲುವು ಸಪ್ಪೆ ಎನಿಸುವುದಕ್ಕೂ ಅದೇ ತಂಡದೆದುರಿನ ಸೋಲು ಎದೆಗೆ ಒದ್ದಂತಾಗುವುದಕ್ಕೂ ಈ ವ್ಯತ್ಯಾಸವೇ ಮೂಲ ಎಂದು ಊಹಿಸಲು ಅಡ್ಡಿಯಿಲ್ಲ.

ಇದರ ಅತಿ ಕಹಿ ಪುರಾವೆ ಕ್ರಿಕೆಟ್‌ನದ್ದಲ್ಲ, ಅಮೆರಿಕನ್ ಫುಟ್‌ಬಾಲ್‌ನದ್ದು. ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಂದ್ಯದ ದಿನಗಳ ಪೊಲೀಸ್ ದಾಖಲೆಗಳನ್ನು ಬಾಜಿಯ ದರಗಳ ಜೊತೆ ಇಟ್ಟು ನೋಡಿದರು. ಗೆದ್ದೇ ಗೆಲ್ಲುತ್ತದೆ ಎಂದುಕೊಂಡಿದ್ದ ಊರಿನ ತಂಡ ಸೋತಾಗ, ಮನೆಯೊಳಗೆ ಗಂಡಸರು ಹೆಂಡತಿ ಅಥವಾ ಸಂಗಾತಿಯ ಮೇಲೆ ನಡೆಸಿದ ಹಲ್ಲೆಗಳು ಸುಮಾರು ಶೇ 10 ಹೆಚ್ಚಿದ್ದವು. ಸಮಬಲದ ಪಂದ್ಯದಲ್ಲಿ ಸೋತಾಗ ಹಾಗಾಗಲಿಲ್ಲ. ಸೋಲು ಒಂದೇ, ನಿರೀಕ್ಷೆ ಬೇರೆ. ಸೋಲಬೇಕಿದ್ದ ತಂಡ ಗೆದ್ದ ದಿನ ಹಲ್ಲೆಗಳೇನೂ ಅಷ್ಟೇ ಪ್ರಮಾಣದಲ್ಲಿ ಇಳಿಯಲಿಲ್ಲ ಎಂಬುದನ್ನೂ ಗಮನಿಸಬೇಕು: ನೋವಿನ ತೂಕ ಖುಷಿಗಿಲ್ಲ.

ಹೃದಯಕ್ಕೂ ಇದು ತಮಾಷೆಯಲ್ಲ. 2006ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿ ಆಡಿದ ದಿನಗಳಲ್ಲಿ ಮ್ಯೂನಿಕ್ ಸುತ್ತಮುತ್ತ ಹೃದಯದ ತುರ್ತು ಪ್ರಕರಣಗಳು ಮಾಮೂಲಿಗಿಂತ 2.66 ಪಟ್ಟಾಗಿದ್ದವು, ಪಂದ್ಯ ಶುರುವಾದ ಮೊದಲ ಎರಡು ಗಂಟೆಯೊಳಗೆ ಅತಿ ಹೆಚ್ಚು. ಮೊದಲೇ ಹೃದ್ರೋಗ ಇದ್ದವರಿಗೆ ಅಪಾಯ ಜಾಸ್ತಿ. ಕೊನೆಯ ಓವರ್‌ನ ಎದೆನೋವನ್ನು ‘ಟೆನ್ಷನ್’ ಎಂದು ತಳ್ಳಿಹಾಕಬಾರದು. ಆ ಹೊತ್ತಿನ ಮಾತ್ರೆಯನ್ನು ಪಂದ್ಯ ಮುಗಿಯಲೆಂದು ಮುಂದೂಡಲೂಬಾರದು.

ಬಿಸಿ ಇಳಿದ ಮೇಲೆ ಬರುವ ಮಾತು ‘ನಂಗೆ ಮೊದಲೇ ಅನ್ನಿಸಿತ್ತು’. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಪ್ರವಾಸ ಹೊರಡುವ ಮುನ್ನ ಬರೂಕ್ ಫಿಶಾಫ್ ಮತ್ತು ರೂತ್ ಬೇತ್ ಎಂಬ ಮನೋವಿಜ್ಞಾನಿಗಳು ಕೆಲವರಿಂದ ಯಾವ ಘಟನೆಗೆ ಎಷ್ಟು ಸಾಧ್ಯತೆ ಎಂದು ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ ‘ಅವತ್ತು ಏನು ಬರೆದಿದ್ದಿರಿ’ ಎಂದು ಕೇಳಿದರೆ, ನಡೆದುಹೋದ ಘಟನೆಗಳಿಗೆ ತಾವು ಹೆಚ್ಚಿನ ಅಂಕ ಕೊಟ್ಟಿದ್ದಾಗಿ ಜನರಿಗೆ ನೆನಪು! ಸುಳ್ಳು ಹೇಳುತ್ತಿರಲಿಲ್ಲ, ಫಲಿತಾಂಶ ಗೊತ್ತಾದ ಮೇಲೆ ನೆನಪೇ ತಿದ್ದಿಕೊಂಡಿತ್ತು.

ಇದಕ್ಕೆ ಮದ್ದು ಒಂದು ನೋಟ್‌ಬುಕ್. ಪಂದ್ಯಕ್ಕೆ ಮೊದಲು, ಟಾಸ್‌ಗೂ ಮೊದಲು, ನಿಮ್ಮ ಊಹೆಯನ್ನು ಶೇಕಡಾವಾರಿನಲ್ಲಿ ಬರೆಯಿರಿ. ಇಂಥ ತಂಡ ಗೆಲ್ಲುವ ಸಾಧ್ಯತೆ ಶೇ 80 ಎಂದರೆ 0.8. ಆ ತಂಡ ಗೆದ್ದರೆ 1, ಸೋತರೆ 0. ಎರಡರ ವ್ಯತ್ಯಾಸದ ವರ್ಗವೇ ನಿಮ್ಮ ದಂಡ: ಗೆದ್ದರೆ 0.04, ಸೋತರೆ 0.64. ಎಲ್ಲ ಪಂದ್ಯಕ್ಕೂ ಶೇ 50 ಎಂದು ಬರೆಯುವ ಸೋಮಾರಿಗೆ ಪ್ರತಿ ಸಲ 0.25. ಮೂವತ್ತು ಪಂದ್ಯಗಳ ಸರಾಸರಿಯಲ್ಲಿ ಈ ಸೋಮಾರಿಗಿಂತ ಕಡಿಮೆ ದಂಡ ಬಿದ್ದರೆ ನಿಮಗೆ ಆಟ ಗೊತ್ತು. ಹವಾಮಾನ ಮುನ್ಸೂಚನೆಗಳನ್ನು ಒರೆಗೆ ಹಚ್ಚಲು 1950ರಲ್ಲಿ ಗ್ಲೆನ್ ಬ್ರಯರ್ ಕೊಟ್ಟ ವಿಧಾನವಿದು.

ಇದರಲ್ಲೂ ಎಡವುವ ಜಾಗಗಳಿವೆ. ಖಾತ್ರಿ ಇರುವ ಪಂದ್ಯಗಳನ್ನಷ್ಟೇ ಬರೆದರೆ, ಪೆನ್ಸಿಲ್‌ನಲ್ಲಿ ಬರೆದು ಅಳಿಸಿದರೆ, ಐದಾರು ಪಂದ್ಯಕ್ಕೇ ತೀರ್ಪು ಕೊಟ್ಟರೆ ಅಂಕಕ್ಕೆ ಬೆಲೆಯಿಲ್ಲ. ನಿಮ್ಮ ನೆಚ್ಚಿನ ತಂಡದ ಪಂದ್ಯಗಳಿಗೆ ಬೇರೆಯೇ ಪುಟ ಇಡಿ. ದಂಡ ಜಾಸ್ತಿ ಬೀಳುವುದು ಸಾಮಾನ್ಯವಾಗಿ ಆ ಪುಟದಲ್ಲೇ.