ಕಪ್ಪು ಡ್ರೆಸ್ಸಿನ ನೆರಿಗೆ ಟಿವಿಯಲ್ಲಿ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ನಾನು ಕುಮಟಾದಲ್ಲಿ ಟೇಲರಿಂಗ್ ಕ್ಲಾಸ್ ನಡೆಸುತ್ತೇನೆ. ಫ್ಯಾಷನ್ ಡಿಸೈನರ್ ಕೊಕೊ ಶನೆಲ್ ಜೀವನದ ಮೇಲೆ ಬಂದ ‘ಕೊಕೊ ಬಿಫೋರ್ ಶನೆಲ್’ ಸಿನಿಮಾವನ್ನು ಕ್ಲಾಸಿನ ಹುಡುಗಿಯರಿಗೆ ತೋರಿಸಿದೆ. ಡಿವಿಡಿ ಮತ್ತು ಪ್ಲೇಯರ್ ಹಳೆಯವು, ಟಿವಿ ಹೊಸದು, 43 ಇಂಚಿನ 4ಕೆ. ಕಪ್ಪು ಡ್ರೆಸ್ ಬಂದಾಗಲೆಲ್ಲ ಬರೀ ಕಪ್ಪು ಮುದ್ದೆ. ನೆರಿಗೆಯೂ ಇಲ್ಲ, ಹೊಲಿಗೆಯೂ ಇಲ್ಲ. ಪಟ್ಟೆ ಅಂಗಿ ಮಿಣಮಿಣ ಅನ್ನುತ್ತದೆ, ಅದರ ಮೇಲೆ ಕಾಮನಬಿಲ್ಲಿನ ಬಣ್ಣ ಬೇರೆ. ಮುಖಗಳು ಮೇಣದ ಬೊಂಬೆ. ಬ್ಲೂ-ರೇ ಡಿಸ್ಕ್ ತರಿಸಿದರೆ ಸರಿಹೋಗುತ್ತದಾ? ಇನ್ನೊಂದು, ಡಿವಿಡಿ 105 ನಿಮಿಷಕ್ಕೆ ಮುಗಿಯಿತು, ಇಂಟರ್ನೆಟ್‌ನಲ್ಲಿ ನೋಡಿದರೆ 110 ಅಂತಿದೆ. ಏನಾದರೂ ಕತ್ತರಿಸಿದ್ದಾರಾ?

ಉತ್ತರ: ಬ್ಲೂ-ರೇಗೆ ಈಗಲೇ ದುಡ್ಡು ಹಾಕಬೇಡಿ ಅಕ್ಕೋರೆ. ನಿಮ್ಮ ದೂರುಗಳಿಗೆ ಒಂದೇ ಕಾರಣ ಇಲ್ಲ. ಪಟ್ಟೆಯ ಮೇಲಿನ ಕಾಮನಬಿಲ್ಲು ವೈರಿನದ್ದು. ನೆರಿಗೆ ನುಂಗಿದ್ದು, ಮುಖಕ್ಕೆ ಮೇಣ ಹಚ್ಚಿದ್ದು ಟಿವಿ. ಹೊಲಿಗೆ ಕಾಣದಿರುವುದಕ್ಕೆ ಮಾತ್ರ ಡಿವಿಡಿಯೇ ಹೊಣೆ. ಮೊದಲ ಎರಡನ್ನು ಮನೆಯಲ್ಲೇ ಸರಿಮಾಡಬಹುದು.

ಟಿವಿಯ ಹಿಂದೆ ಒಮ್ಮೆ ಇಣುಕಿ. ಪ್ಲೇಯರ್‌ನಿಂದ ಬಂದಿರುವುದು ಹಳದಿ-ಬಿಳಿ-ಕೆಂಪು ಮೂರು ಪಿನ್ನಿನ ಎವಿ ವೈರ್ ತಾನೇ? ಹಳೇ ಪ್ಲೇಯರ್ ಇರುವ ಹತ್ತು ಮನೆಯಲ್ಲಿ ಎಂಟರಲ್ಲಿ ಅದೇ ಇರುತ್ತದೆ. ಅದರಲ್ಲಿ ಬಿಳಿ, ಕೆಂಪು ಎರಡೂ ಧ್ವನಿಗೆ. ಇಡೀ ಚಿತ್ರ ಬರುವುದು ಆ ಒಂದು ಹಳದಿ ವೈರಿನಲ್ಲಿ. ಬೆಳಕಿನ ವಿವರ, ಬಣ್ಣದ ವಿವರ ಎರಡನ್ನೂ ಒಟ್ಟಿಗೆ ಬೆರೆಸಿ ಅದರಲ್ಲಿ ಕಳಿಸುತ್ತಾರೆ. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಬಣ್ಣ ಕೂತಿರುವುದು 4.43 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 44 ಲಕ್ಷ ಏರಿಳಿತದ ಆಸುಪಾಸಿನಲ್ಲಿ. ಒತ್ತೊತ್ತಾದ ಕಪ್ಪು-ಬಿಳಿ ಪಟ್ಟೆ ಪರದೆ ಮೇಲೆ ಬಂದಾಗ ಬೆಳಕಿನ ಏರಿಳಿತವೂ ಅದೇ ವೇಗ ಮುಟ್ಟುತ್ತದೆ. ಟಿವಿ ಅದನ್ನೇ ಬಣ್ಣ ಅಂತ ತಿಳಿದು ಇಲ್ಲದ ನೀಲಿ, ಹಳದಿ, ಗುಲಾಬಿ ಬಳಿದುಬಿಡುತ್ತದೆ.

ಈ ಸಿನಿಮಾದಲ್ಲಿ ಪಟ್ಟೆ ಅಂಗಿ ಸುಮ್ನೆ ಬಂದು ಹೋಗುವುದಿಲ್ಲ ನೋಡಿ. ನಾರ್ಮಂಡಿಯ ಕಡಲ ದಂಡೆಯಲ್ಲಿ ಬಲೆ ಎಳೆಯುವ ಮೀನುಗಾರರ ಪಟ್ಟೆ ಅಂಗಿ ಕೊಕೊ ಕಣ್ಣಿಗೆ ಬೀಳುತ್ತದೆ. ಆಮೇಲೆ ಅವಳೂ ಅಂಥದ್ದೇ ತೊಡುತ್ತಾಳೆ. ದುಡಿಯುವ ಗಂಡಸರ ಬಟ್ಟೆ ಹೆಂಗಸರ ಫ್ಯಾಷನ್ ಆದದ್ದು ಹೀಗೆ. ರಂಪಣಿ ಎಳೆಯುವುದನ್ನು ಕಂಡಿರುವ ನಿಮ್ಮ ಹುಡುಗಿಯರಿಗೆ ಆ ದೃಶ್ಯ ಬೇಗ ಅರ್ಥವಾಗುತ್ತದೆ. ಅಲ್ಲೇ ಚಿತ್ರ ಕೈಕೊಟ್ಟರೆ ತೋರಿಸಿದ್ದಕ್ಕೆ ಏನು ಬಂತು?

ಹಾಗಾಗಿ ಎಚ್‌ಡಿಎಂಐ ವೈರ್ ಹಾಕಿ. ಪ್ಲೇಯರ್‌ಗೆ ಆ ಕಿಂಡಿ ಇಲ್ಲವಾದರೆ, ಇರುವಂಥ ಒಂದು ಪ್ಲೇಯರ್ ಯಾರ ಹತ್ತಿರವಾದರೂ ಎರವಲು ಸಿಕ್ಕೀತು. ಎಚ್‌ಡಿಎಂಐ ವೈರಿನಲ್ಲಿ ಬೆಳಕು-ಬಣ್ಣ ಬೆರಕೆ ಆಗದೆ ಅಂಕಿಗಳಾಗಿಯೇ ಹೋಗುತ್ತವೆ. ಕಾಮನಬಿಲ್ಲು ಅಲ್ಲಿಗೆ ಮಾಯ. ದೂರದ ಶಾಟ್‌ನಲ್ಲಿ ಪಟ್ಟೆ ಇನ್ನೂ ಸ್ವಲ್ಪ ಮಿಣುಕಬಹುದು. ಪಟ್ಟೆಗಳು ಡಿವಿಡಿ ಚಿತ್ರದ ಚುಕ್ಕಿಗಳಿಗಿಂತ (ಪಿಕ್ಸೆಲ್) ಸಣ್ಣದಾದಾಗ ಹಾಗಾಗುತ್ತದೆ, ಅದಕ್ಕೆ ವೈರ್ ಏನೂ ಮಾಡಲಾರದು. ಟಿವಿಯಲ್ಲಿ ವಾರ್ತೆ ಓದುವವರು ಸಣ್ಣ ಚೌಕುಳಿ, ಸಣ್ಣ ಪಟ್ಟೆಯ ಬಟ್ಟೆ ಹಾಕದಿರುವುದು ಇದೇ ಕಾರಣಕ್ಕೆ.

ಈಗ ಕಪ್ಪಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಶನೆಲ್ ಅಂದರೆ ಕಪ್ಪು. 1926ರಲ್ಲಿ ವೋಗ್ ಪತ್ರಿಕೆ ಅವಳ ಸಾದಾ ಕಪ್ಪು ಡ್ರೆಸ್ಸನ್ನು ಫೋರ್ಡ್ ಕಾರಿಗೆ ಹೋಲಿಸಿ ಬರೆದಿತ್ತು. ಸಿನಿಮಾದ ಕಥೆ ಅದಕ್ಕೂ ಹಿಂದಿನದು, ಆದರೂ ಒಂದು ನೃತ್ಯದ ದೃಶ್ಯ ಇದೆ. ಸುತ್ತ ಎಲ್ಲರೂ ತಿಳಿಬಣ್ಣ, ಲೇಸು, ಸೊಂಟ ಬಿಗಿಯುವ ಕಾರ್ಸೆಟ್. ನಡುವೆ ಇವಳೊಬ್ಬಳೇ ಕಪ್ಪು ಡ್ರೆಸ್, ಕಾರ್ಸೆಟ್ ಇಲ್ಲದೆ. ಬಟ್ಟೆ ಮೈಮೇಲೆ ಹೇಗೆ ಇಳಿಬಿದ್ದಿದೆ ಅನ್ನುವುದೇ ಅಲ್ಲಿ ನೋಡಬೇಕಾದ್ದು. ವಸ್ತ್ರವಿನ್ಯಾಸ ಕ್ಯಾಥರೀನ್ ಲೆತೆರಿಯೇ ಅವರದ್ದು. ಫ್ರಾನ್ಸಿನ ಸೆಸಾರ್ ಪ್ರಶಸ್ತಿ ಬಂತು, ಆಸ್ಕರ್‌ಗೂ ಹೆಸರು ಹೋಯಿತು. ಅಂಥ ಕೆಲಸ ಮುದ್ದೆಯಾಗಿ ಕಂಡರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಆ ದೃಶ್ಯವನ್ನೇ ನಿಲ್ಲಿಸಿ ಇಟ್ಟುಕೊಳ್ಳಿ. ರಿಮೋಟ್ ತಗೊಂಡು ಪಿಕ್ಚರ್ ಮೋಡ್ ನೋಡಿ. ಸ್ಟ್ಯಾಂಡರ್ಡ್ ಅಥವಾ ವಿವಿಡ್ ಅಂತಿರುತ್ತದೆ. ವಿವಿಡ್ ಮೋಡ್ ಇರುವುದು ಶೋರೂಮಿನ ಟ್ಯೂಬ್‌ಲೈಟ್ ಕೆಳಗೆ ಪಕ್ಕದ ಟಿವಿಯನ್ನು ಸೋಲಿಸುವುದಕ್ಕೆ. ಬಿಳಿಯನ್ನು ಇನ್ನೂ ಬಿಳಿ ಮಾಡುತ್ತದೆ, ಕಪ್ಪನ್ನು ಇನ್ನೂ ಕಪ್ಪು ಮಾಡುತ್ತದೆ, ನಡುವಿನ ಬೂದಿಬಣ್ಣದ ಮೆಟ್ಟಿಲುಗಳನ್ನು ತಿಂದುಹಾಕುತ್ತದೆ. ನೆರಿಗೆ ಕಾಣುವುದು ಆ ಮೆಟ್ಟಿಲುಗಳಿಂದಲೇ. ಮೂವಿ ಅಥವಾ ಸಿನಿಮಾ ಮೋಡ್‌ಗೆ ಹಾಕಿ. ಈಚಿನ ಕೆಲವು ಟಿವಿಗಳಲ್ಲಿ ಫಿಲ್ಮ್‌ಮೇಕರ್ ಮೋಡ್ ಅಂತಲೂ ಇದೆ. ಸಿನಿಮಾ ಮಾಡಿದವರು ಬಯಸಿದ ಹಾಗೆ ಕಾಣಲಿ ಅಂತ 2019ರಲ್ಲಿ ಘೋಷಿಸಿದ್ದು ಅದು. ಮೊದಲ ಐದು ನಿಮಿಷ ಎಲ್ಲ ಹಳದಿ ಹಳದಿ ಅನಿಸುತ್ತದೆ. ತಡೆದುಕೊಳ್ಳಿ, ಕಣ್ಣು ಹೊಂದಿಕೊಳ್ಳುತ್ತದೆ. ಡೈನಾಮಿಕ್ ಕಾಂಟ್ರಾಸ್ಟ್, ಇಕೋ ಮೋಡ್ ಎರಡನ್ನೂ ಆಫ್ ಮಾಡಿ.

ಇನ್ನೊಬ್ಬ ಕಳ್ಳ ಇದ್ದಾನೆ, ಅವನನ್ನು ಹೆಚ್ಚಿನವರು ಹಿಡಿಯುವುದೇ ಇಲ್ಲ. ಡಿಜಿಟಲ್ ವಿಡಿಯೋದಲ್ಲಿ ಕಪ್ಪಿಗೆ 16, ಬಿಳಿಗೆ 235 ಅಂತ ಅಂಕಿ ಕೊಟ್ಟಿರುತ್ತಾರೆ. ಕಂಪ್ಯೂಟರ್ ಲೆಕ್ಕದಲ್ಲಿ ಅದೇ 0ಯಿಂದ 255. ಪ್ಲೇಯರ್ ಕಂಪ್ಯೂಟರ್ ಲೆಕ್ಕದಲ್ಲಿ ಕಳಿಸಿ ಟಿವಿ ವಿಡಿಯೋ ಲೆಕ್ಕದಲ್ಲಿ ಓದಿದರೆ, 16ಕ್ಕಿಂತ ಕೆಳಗಿನದ್ದೆಲ್ಲ ಒಂದೇ ಕಪ್ಪಾಗುತ್ತದೆ. ಕಪ್ಪು ಬಟ್ಟೆಯ ನೆರಳಿನ ಅಂಚು ಇರುವುದು ಅಲ್ಲೇ. ಉಲ್ಟಾ ಆದರೆ ಕಪ್ಪು ಬೂದಿಯಾಗಿ, ಇಡೀ ಚಿತ್ರಕ್ಕೆ ಮಂಜು ಕವಿದ ಹಾಗೆ ಕಾಣುತ್ತದೆ. ಟಿವಿ ಮೆನುವಿನಲ್ಲಿ ಬ್ಲ್ಯಾಕ್ ಲೆವೆಲ್ ಅಥವಾ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಅಂತ ಇರುತ್ತದೆ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟು ತಲೆ ತಿನ್ನುತ್ತದೆ. ನಿಲ್ಲಿಸಿದ ದೃಶ್ಯದ ಮೇಲೆ ಅದರ ಎರಡೂ ಆಯ್ಕೆ ಹಾಕಿ ನೋಡಿ. ನೆರಿಗೆ ಕಾಣಬೇಕು, ಕಪ್ಪು ಬೂದಿಯಾಗಬಾರದು. ಯಾವುದರಲ್ಲಿ ಹಾಗಿದೆಯೋ ಅದನ್ನೇ ಇಟ್ಟುಬಿಡಿ.

ಕ್ಲಾಸ್ ನಡೆಯುವುದು ಹಗಲಲ್ಲಿ ತಾನೇ? ಕರಾವಳಿಯ ಬಿಸಿಲು ಕಿಟಕಿಯಿಂದ ನೇರ ಪರದೆಗೆ ಬಿದ್ದರೆ ಮೇಲಿನದ್ದು ಯಾವುದೂ ಕೆಲಸಕ್ಕೆ ಬಾರದು. ಕಿಟಕಿಗೆ ಎದುರು ಟಿವಿ ಬೇಡ. ಕಿಟಕಿಗೆ ಗಾಢ ಬಣ್ಣದ ಕರ್ಟನ್ ಎಳೆಯಿರಿ. ಆದರೂ ಬೆಳಕು ಜಾಸ್ತಿ ಅನಿಸಿದರೆ ಗಾಮಾ (ನಡುವಿನ ಬೂದಿ ಮೆಟ್ಟಿಲುಗಳು ಎಷ್ಟು ಗಾಢ ಅನ್ನುವ ಸೆಟ್ಟಿಂಗ್) 2.4 ಇದ್ದದ್ದನ್ನು 2.2ಕ್ಕೆ ಇಳಿಸಿ. ಬ್ರೈಟ್‌ನೆಸ್ ಏರಿಸಲು ಹೋಗಬೇಡಿ. ಬಹಳಷ್ಟು ಟಿವಿಗಳಲ್ಲಿ ಅದು ಕಪ್ಪನ್ನೇ ಎತ್ತಿ ಚಿತ್ರ ಪೇಲವ ಮಾಡುತ್ತದೆ.

ಮುಖದ ಮೇಣ ಬೇಗ ಮುಗಿಯುವ ಮಾತು. ಈ ಸಿನಿಮಾ ಬಂದ 2009ರ ಹೊತ್ತಿಗೆ ಹೆಚ್ಚಿನ ಸಿನಿಮಾಗಳನ್ನು ರೀಲಿನ ಮೇಲೆಯೇ ತೆಗೆಯುತ್ತಿದ್ದರು. ರೀಲಿನಲ್ಲಿ ಸಣ್ಣ ಮರಳಿನಂಥ ಕಣ ಸಹಜ. ಟಿವಿಯ ನಾಯ್ಸ್ ರಿಡಕ್ಷನ್ ಆ ಕಣವನ್ನು ಕೊಳೆ ಅಂದುಕೊಂಡು ಒರೆಸುತ್ತದೆ. ಜೊತೆಗೆ ಚರ್ಮದ ರಂಧ್ರ, ಉಣ್ಣೆಯ ಜುಂಗು, ಜರ್ಸಿ ಬಟ್ಟೆಯ ಹೆಣಿಗೆ ಎಲ್ಲದಕ್ಕೂ ಇಸ್ತ್ರಿ ಹಾಕಿದ ಹಾಗೆ ನುಣುಪು. ಅದನ್ನು ಆಫ್ ಮಾಡಿ. ಶಾರ್ಪ್‌ನೆಸ್ ಸೊನ್ನೆಗೆ ಅಥವಾ ಅದರ ಹತ್ತಿರಕ್ಕೆ ತನ್ನಿ. ಸೋನಿ ಟಿವಿಯಾದರೆ 50 ಇದ್ದರೆ ಸರಿ, ಅಲ್ಲಿ ಅದೇ ಮಧ್ಯದ ಗೆರೆ. ಸೀರಿಯಲ್ ಥರ ನುಣ್ಣಗೆ ಓಡುವ ಚಲನೆಗೆ ಕಾರಣ ಮೋಷನ್ ಸ್ಮೂಥಿಂಗ್. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಅದಕ್ಕೂ ಮುಕ್ತಿ ಕೊಡಿ.

ಇಷ್ಟು ಮಾಡಿದ ಮೇಲೂ ಸಿನಿಮಾದ ಬಣ್ಣ ಮಾಸಿದ ಹಾಗೆ ಕಂಡರೆ ಟಿವಿಯನ್ನು ಬೈಯಬೇಡಿ. ನಿರ್ದೇಶಕಿ ಆನ್ ಫೋಂಟೇನ್ ಕಥೆಯನ್ನು ಬೂದಿ, ಕೆನೆ, ಕಂದು ಬಣ್ಣಗಳಲ್ಲೇ ಹೇಳಿದ್ದಾರೆ. ಅನಾಥಾಶ್ರಮದಲ್ಲಿ ಬೆಳೆದ ಹುಡುಗಿಯ ಕಥೆಗೆ ಅದು ಒಪ್ಪುತ್ತದೆ ಅಂತ ನನ್ನ ಅಭಿಪ್ರಾಯ. ಕಲರ್ ಏರಿಸಿದರೆ ಕೊಕೊ ಪಾತ್ರ ಮಾಡಿದ ಆಡ್ರೆ ತೋತು ಕೆನ್ನೆ ಟೊಮೆಟೊ ಆಗುತ್ತದೆ, ಅಷ್ಟೇ.

ಈಗ ನೆರಿಗೆ ಬಂತು. ಹೊಲಿಗೆ ಇನ್ನೂ ಬಂದಿರುವುದಿಲ್ಲ. ಇಲ್ಲಿಂದ ಮುಂದೆ ಡಿವಿಡಿಯ ಮಿತಿ. ಪಾಲ್ ಡಿವಿಡಿಯ ಒಂದು ಚಿತ್ರದಲ್ಲಿ ಇರುವುದು ಅಡ್ಡ 720, ಉದ್ದ 576 ಚುಕ್ಕಿ. ಒಟ್ಟು ನಾಲ್ಕು ಲಕ್ಷದ ಚಿಲ್ಲರೆ. ನಿಮ್ಮ 4ಕೆ ಟಿವಿಯಲ್ಲಿ ಸುಮಾರು 83 ಲಕ್ಷ. ಅಂದರೆ ಡಿವಿಡಿಯ ಒಂದು ಚುಕ್ಕಿಯಿಂದ ಟಿವಿ 20 ಚುಕ್ಕಿ ತುಂಬಿಸಬೇಕು. 19ನ್ನು ಅದು ಊಹಿಸಿ ಬರೆಯುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುವ ಅಗಲದ ಸಿನಿಮಾ ಆದರೆ ಆ 576ರಲ್ಲೂ ಒಂದಿಷ್ಟು ಸಾಲು ಪಟ್ಟಿಗೇ ಹೋಯಿತು. ಬಣ್ಣದ ವಿವರವಂತೂ ಬೆಳಕಿನ ವಿವರದ ಕಾಲು ಭಾಗ ಮಾತ್ರ. ಇದು ಬ್ಲೂ-ರೇಗೂ, ಸ್ಟ್ರೀಮಿಂಗ್‌ಗೂ ಅನ್ವಯಿಸುತ್ತದೆ. ಸಾಲದ್ದಕ್ಕೆ ಡಿಸ್ಕಿನಲ್ಲಿ ಹಿಡಿಸಲು ವಿಡಿಯೋದ ಗಾತ್ರ ಕುಗ್ಗಿಸುವಾಗ ಮೊದಲು ಬಲಿಯಾಗುವುದು ಮಬ್ಬಾದ ಸಣ್ಣ ವಿವರ. ಕಪ್ಪು ಬಟ್ಟೆ ಮೇಲೆ ಕಪ್ಪು ನೂಲು ಅಂದರೆ ಅದೇ ತಾನೇ? ಡಿಸ್ಕಿನಲ್ಲೇ ಇಲ್ಲದ್ದನ್ನು ಯಾವ ಸೆಟ್ಟಿಂಗೂ ತರಲಾರದು.

ಬ್ಲೂ-ರೇಯಲ್ಲಿ 1920ಕ್ಕೆ 1080, ಅಂದರೆ ಐದು ಪಟ್ಟು ಚುಕ್ಕಿ. ಡಿವಿಡಿಯ ವಿಡಿಯೋ ಸೆಕೆಂಡಿಗೆ ಹೆಚ್ಚೆಂದರೆ 9.8 ಮೆಗಾಬಿಟ್, ಬ್ಲೂ-ರೇಗೆ 40ರ ತನಕ ಅವಕಾಶ. ಚೆನ್ನಾಗಿ ಮಾಡಿದ ಡಿಸ್ಕಿನಲ್ಲಿ ಹತ್ತಿರದ ಶಾಟ್‌ಗಳಲ್ಲಿ ಹೊಲಿಗೆ ಸಾಲು ಕಾಣುತ್ತದೆ. ಕೊನೆಯಲ್ಲಿ ಮಾಡೆಲ್‌ಗಳು ಕನ್ನಡಿ ಮೆಟ್ಟಿಲು ಇಳಿಯುವ ದೃಶ್ಯಕ್ಕೂ ಇದೇ ಬೇಕು. ಕನ್ನಡಿಯೊಳಗಿನ ಚೂರು ಚೂರು ಬಟ್ಟೆ ಡಿವಿಡಿಯಲ್ಲಿ ಕಲಸಿಹೋಗುತ್ತದೆ. 4ಕೆ ಡಿಸ್ಕ್ ಹುಡುಕುವ ಗೋಜು ಮಾತ್ರ ಬೇಡ. 43 ಇಂಚಿನ ಪರದೆಯಿಂದ ಐದೂವರೆ ಅಡಿಗಿಂತ ದೂರ ಕೂತರೆ ಸಾಮಾನ್ಯ ಕಣ್ಣಿಗೆ 1080ರ ಚುಕ್ಕಿಯೇ ಬಿಡಿಯಾಗಿ ಕಾಣುವುದಿಲ್ಲ. ಕ್ಲಾಸಿನ ಹುಡುಗಿಯರು ಅದಕ್ಕಿಂತ ಹಿಂದೆಯೇ ಕೂರುತ್ತಾರೆ.

ಸ್ಟ್ರೀಮಿಂಗ್‌ನಲ್ಲಿ ಸಿಕ್ಕಿದರೆ ಅದೂ ಆದೀತು, ಲೈನ್ ಚೆನ್ನಾಗಿದ್ದರೆ. ನೆಟ್‌ಫ್ಲಿಕ್ಸ್ 1080 ಸಾಲಿನ ಚಿತ್ರಕ್ಕೆ ಕೇಳುವುದು 5 ಎಂಬಿಪಿಎಸ್ ವೇಗ. ಪಟ್ಟಣದ ಫೈಬರ್ ಲೈನಿಗೆ ಅದೇನೂ ದೊಡ್ಡದಲ್ಲ. ಸಿರ್ಸಿ, ಸಿದ್ದಾಪುರದ ಒಳಹಳ್ಳಿಗಳಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ನೋಡುವವರ ಪಾಡು ಬೇರೆ. ಆ ವೇಗದಲ್ಲಿ ಇಡೀ ಸಿನಿಮಾಕ್ಕೆ ಸುಮಾರು 4 ಜಿಬಿ ಬೇಕು. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದರೆ ಅರ್ಧಕ್ಕೇ ಖತಂ. ಸಿಗ್ನಲ್ ಇಳಿದಾಗ ಆಪ್ ತನ್ನಷ್ಟಕ್ಕೆ ಚಿತ್ರದ ಗುಣಮಟ್ಟ ಇಳಿಸುತ್ತದೆ, ಹೇಳುವುದೂ ಇಲ್ಲ. ಪ್ಲಾನ್ ಕೂಡ ನೋಡಿಕೊಳ್ಳಿ, ಕೆಲವು ಅಗ್ಗದ ಪ್ಲಾನ್‌ಗಳಿಗೆ 720 ಸಾಲಿನ ಮೇಲೆ ಬರುವುದೇ ಇಲ್ಲ. ನಿಮ್ಮ ಲೈನ್ ಹೇಗಿದೆ ಅಂತ ತಿಳಿಯಲು ಯೂಟ್ಯೂಬ್‌ನಲ್ಲಿ ಒಂದು ಒಳ್ಳೆಯ ಯಕ್ಷಗಾನದ ವಿಡಿಯೋ ಹಾಕಿ. ಬಡಗುತಿಟ್ಟಿನ ಕಸೆ ಸೀರೆಯ ಚೌಕುಳಿ ನೋಡಿ. 480ರಲ್ಲಿ ಒಮ್ಮೆ, 1080ರಲ್ಲಿ ಒಮ್ಮೆ. ವೇಷ ಗಿರಕಿ ಹೊಡೆಯುವಾಗಲೂ ಚೌಕುಳಿ ಬಿಡಿಬಿಡಿಯಾಗಿ ನಿಂತರೆ ನಿಮ್ಮ ಲೈನೂ ಟಿವಿಯೂ ಸಾಕಷ್ಟು ಚೆನ್ನಾಗಿವೆ.

ಡಿಸ್ಕೇ ಬೇಕು ಅಂತಾದರೆ ಕೊಳ್ಳುವ ಮುಂಚೆ ಎರಡು ವಿಷಯ ನೋಡಿ. ಬ್ಲೂ-ರೇಯಲ್ಲಿ ಭಾರತ ಸಿ ವಲಯ, ಯುರೋಪ್ ಬಿ, ಅಮೆರಿಕ ಎ. ಬೇರೆ ವಲಯದ ಬೀಗ ಇರುವ ಡಿಸ್ಕ್ ಇಲ್ಲಿನ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಸಿನಿಮಾ ಫ್ರೆಂಚ್ ಭಾಷೆಯದ್ದು, ಫ್ರಾನ್ಸಿನಲ್ಲಿ ಮಾರುವ ಡಿಸ್ಕಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇಲ್ಲದೆಯೂ ಇರಬಹುದು. ಡಿವಿಡಿ ಪ್ಲೇಯರ್‌ಗೆ ಬ್ಲೂ-ರೇ ಹಾಕಿದರೆ ಓದುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಪ್ಲೇಯರ್ ಖರ್ಚು ಬೇರೆ ಬೀಳುತ್ತದೆ.

ನಮ್ಮ ಕಡೆಯ ಮಳೆಗಾಲದಲ್ಲಿ ಡಿಸ್ಕಿಗೂ, ಪ್ಲೇಯರಿನ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಅದರಿಂದ ಬಣ್ಣ ಮಾಸುತ್ತದೆ ಅನ್ನುವವರು ಬಹಳ ಜನ. ಹಾಗಿಲ್ಲ. ಅಂಕಿ ಓದಲು ಬಂದರೆ ಚಿತ್ರ ಪೂರ್ತಿ ಬರುತ್ತದೆ, ಬಾರದಿದ್ದರೆ ಚೌಕ ಚೌಕ ಒಡೆಯುತ್ತದೆ ಅಥವಾ ನಿಂತುಬಿಡುತ್ತದೆ. ನಿಮ್ಮದು ನಿಲ್ಲದೆ ಓಡಿದೆ, ಹಾಗಾಗಿ ಡಿಸ್ಕ್ ಆರೋಗ್ಯವಾಗಿದೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿ ಸುತ್ತಿ ಬೇಡ.

ಕೊನೆಯ ಪ್ರಶ್ನೆ, ಆ ಐದು ನಿಮಿಷ. ಯಾರೂ ಏನೂ ಕತ್ತರಿಸಿಲ್ಲ. ಸಿನಿಮಾ ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ಇರುತ್ತದೆ, ಪಾಲ್ ಪದ್ಧತಿಗೆ 25 ಬೇಕು. ಡಿವಿಡಿ ಮಾಡುವಾಗ ಇಡೀ ಸಿನಿಮಾವನ್ನು ನೂರಕ್ಕೆ 4ರಷ್ಟು ಜೋರಾಗಿ ಓಡಿಸುತ್ತಾರೆ. 110 ನಿಮಿಷದ್ದು 105 ನಿಮಿಷದ ಚಿಲ್ಲರೆಗೆ ಮುಗಿಯುತ್ತದೆ. ಮಾತೂ ಸಂಗೀತವೂ ಒಂದು ಚೂರು ಏರಿದ ಶ್ರುತಿಯಲ್ಲಿ ಕೇಳುತ್ತವೆ. ಬ್ಲೂ-ರೇಯಲ್ಲಿ ಸಾಮಾನ್ಯವಾಗಿ 24ರಲ್ಲೇ ಇಡುತ್ತಾರೆ, ಅಲ್ಲಿ ಪೂರ್ತಿ 110 ನಿಮಿಷ ಓಡುತ್ತದೆ.