ಯಂತ್ರ ಬರೆದ ಜಾಹೀರಾತನ್ನು ಯಾರು ಓದಬೇಕು?

ಹಾವೇರಿ ಜಿಲ್ಲೆಯ ಒಂದು ಸಣ್ಣ ಮಸಾಲೆ ಉದ್ಯಮದ ಜಾಹೀರಾತು ಕೆಲಸ ಹೋದ ವರ್ಷ ನನ್ನ ಕೈಗೆ ಬಂದಿತ್ತು. ಮನೆಯವರೇ ಸೇರಿ ನಡೆಸುವ ಗಿರಣಿ ಅದು. ಬ್ಯಾಡಗಿ ಮೆಣಸಿನಕಾಯಿಯ ಪುಡಿಯೇ ಅವರ ಮುಖ್ಯ ಸರಕು. ಮಾಲೀಕರು ಕೃತಕ ಬುದ್ಧಿಮತ್ತೆಯ ನೆರವಿನಿಂದ ಇಪ್ಪತ್ತು ಪೋಸ್ಟ್‌ಗಳನ್ನು ಒಂದೇ ಸಂಜೆಯಲ್ಲಿ ಬರೆಸಿ ನನ್ನ ಮುಂದಿಟ್ಟರು. ವ್ಯಾಕರಣ ಸರಿಯಾಗಿತ್ತು, ವಾಕ್ಯಗಳು ಸರಾಗವಾಗಿದ್ದವು. ಆದರೆ ಅರ್ಧಕ್ಕಿಂತ ಹೆಚ್ಚು ಪೋಸ್ಟ್‌ಗಳು ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಹೇಳುತ್ತಿದ್ದವು: ನಾಲಿಗೆ ಸುಡುವ ಖಾರ, ಕಣ್ಣಲ್ಲಿ ನೀರು ತರಿಸುವ ಖಾರ. ಮಗ್ಗುಲಲ್ಲೇ ಕುಳಿತು ಕೇಳುತ್ತಿದ್ದ ಅವರ ತಾಯಿ ಎರಡನೆಯ ಪೋಸ್ಟ್ ಮುಗಿಯುವಷ್ಟರಲ್ಲಿ ತಡೆದರು. “ಇದು ನಮ್ಮ ಕಾಯಿ ಅಲ್ಲರಿ, ಯಾವುದೋ ಬ್ಯಾರೇ ಕಾಯಿ ಸುದ್ದಿ ಐತಿ” ಎಂದರು.

ಅವರು ಹೇಳಿದ್ದು ನಿಜ. ಬ್ಯಾಡಗಿಗೆ ಹೆಸರು ಬಂದದ್ದು ಖಾರದಿಂದಲ್ಲ, ಕಡುಗೆಂಪು ಬಣ್ಣದಿಂದ. ಕಡ್ಡಿ, ಡಬ್ಬಿ ಎಂಬ ಎರಡು ಬಗೆಗಳಲ್ಲಿ ಸಿಗುವ, ಸುಕ್ಕುಗಟ್ಟಿದ ಸಿಪ್ಪೆಯ ಈ ಕಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಗಾಢ ಸಾರ ಆಹಾರ ಪದಾರ್ಥಗಳಿಗೆ ಬಣ್ಣ ಕೊಡಲು ಬಳಕೆಯಾಗುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರಕಿದೆ. ಖಾರ ಬೇಕಾದವರು ಇದರ ಜೊತೆ ಗುಂಟೂರು ಕಾಯಿಯನ್ನು ಬೆರೆಸಿ ಪುಡಿ ಮಾಡಿಸಿಕೊಳ್ಳುತ್ತಾರೆ. ಆ ಪೋಸ್ಟ್‌ಗಳು ಹಾಗೆಯೇ ಹೊರಟಿದ್ದರೆ ಖಾರ ಬಯಸಿ ಕೊಂಡವರು ನಿರಾಶರಾಗುತ್ತಿದ್ದರು, ಬಣ್ಣಕ್ಕಾಗಿ ಹುಡುಕುತ್ತಿದ್ದವರು ಕೊಳ್ಳದೆ ಮುಂದೆ ಹೋಗುತ್ತಿದ್ದರು.

ಯಂತ್ರ ಹೀಗೇಕೆ ಬರೆಯಿತು ಎಂಬುದನ್ನು ಅರಿತುಕೊಂಡರೆ ಅದರ ಮೇಲೆ ಎಲ್ಲಿ ಕಣ್ಣಿಡಬೇಕು ಎಂಬುದೂ ತಿಳಿಯುತ್ತದೆ. ಇಂಥ ಬರಹದ ಹಿಂದಿರುವ ಭಾಷಾ ಮಾದರಿಗಳು ತಾವು ಕಲಿತ ಅಪಾರ ಬರಹದಲ್ಲಿ ಯಾವ ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಅಂದಾಜು ಮಾಡಿ ವಾಕ್ಯ ಕಟ್ಟುತ್ತವೆ. ಮೆಣಸಿನಕಾಯಿಯ ಬಗ್ಗೆ ಲೋಕದಲ್ಲಿರುವ ಬರಹದ ಬಹುಪಾಲು ಖಾರದ ಬಗ್ಗೆಯೇ ಇರುವುದರಿಂದ ಅವುಗಳ ಒಲವೂ ಅತ್ತಲೇ. ಮಾರ್ಕೆಟಿಂಗ್‌ನ ಕೆಲಸವಾದರೋ ನಮ್ಮ ಸರಕು ಉಳಿದವುಗಳಿಗಿಂತ ಹೇಗೆ ಬೇರೆ ಎಂದು ಹೇಳುವುದು. ಸಾಮಾನ್ಯವಾದುದರ ಕಡೆಗೆ ವಾಲುವ ಸಾಧನವು ವಿಶೇಷವಾದುದನ್ನೇ ಮೊದಲು ಕಳೆದುಬಿಡುತ್ತದೆ, ಮತ್ತು ಸರಕನ್ನು ಕೈಯಲ್ಲಿ ಮುಟ್ಟಿದವರ ಹೊರತು ಬೇರೆಯವರ ಕಣ್ಣಿಗೆ ಆ ನಷ್ಟ ಬೀಳುವುದಿಲ್ಲ. ಭಾಷೆ ಬಲ್ಲ ನಾನು ಅದನ್ನು ಗಮನಿಸಿದ್ದಕ್ಕಿಂತ ಮೊದಲು, ಐವತ್ತು ವರ್ಷ ಮೆಣಸಿನಕಾಯಿ ಆರಿಸಿದ ಆ ತಾಯಿ ಗಮನಿಸಿದರು. ಮಾನವ ಮೇಲ್ವಿಚಾರಣೆ ಎಂದು ನಾವು ಕರೆಯುವುದು ಇಂಥವರ ಓದನ್ನು. ಕಚೇರಿಯಲ್ಲಿ ಬಿಡುವಾಗಿರುವ ಯಾರೋ ಒಬ್ಬರು ಕಾಗುಣಿತ ನೋಡಿ ಒಪ್ಪಿಗೆಯ ಗುಂಡಿ ಒತ್ತಿದರೆ ಅದನ್ನು ಮೇಲ್ವಿಚಾರಣೆ ಎನ್ನಲಾಗದು.

ಚಿತ್ರಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಇಳಕಲ್ ಸೀರೆಯ ವ್ಯಾಪಾರಿಯೊಬ್ಬರು ಛಾಯಾಗ್ರಾಹಕರ ಖರ್ಚು ಉಳಿಯುತ್ತದೆಂದು ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸಿದ್ದರು. ರೂಪದರ್ಶಿ, ಬೆಳಕು, ಹಿಂದಿನ ಕಲ್ಲಿನ ಮಂಟಪ ಎಲ್ಲವೂ ಸುಂದರವಾಗಿದ್ದವು. ಸೆರಗಿನಲ್ಲಿ ಮಾತ್ರ ಜರಿಯ ನವಿಲುಗಳಿದ್ದವು. ಇಳಕಲ್ ಸೀರೆಯ ಗುರುತು ಇರುವುದೇ ಸೆರಗಿನಲ್ಲಿ. ಒಡಲಿನ ಹಾಸು ಎಳೆಗಳಿಗೆ ಸೆರಗಿನ ಹಾಸು ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿ ನೇಯುವ ಕ್ರಮ, ಕೆಂಪು ಸೆರಗಿನ ಮೇಲಿನ ತೋಪ ತೆನೆ ಎಂಬ ಬಿಳಿಯ ಚಿತ್ತಾರ, ಇವಿಲ್ಲದಿದ್ದರೆ ನೇಕಾರರು ಅದನ್ನು ಇಳಕಲ್ ಎನ್ನುವುದಿಲ್ಲ. ಆ ಚಿತ್ರ ನೋಡಿ ಹಣ ಕಟ್ಟಿದ ಗ್ರಾಹಕರಿಗೆ ಅಪ್ಪಟ ಇಳಕಲ್ ಸೀರೆಯನ್ನೇ ಕಳಿಸಿದರೂ ಮೋಸ ಹೋದೆವೆಂದೇ ಅನ್ನಿಸುತ್ತದೆ. ಆದ್ದರಿಂದ ಮಾರುವ ವಸ್ತುವಿನ ಚಿತ್ರ ಕ್ಯಾಮೆರಾದಿಂದಲೇ ಬರಬೇಕು ಎಂಬ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಹಿನ್ನೆಲೆ, ಹಬ್ಬದ ಅಲಂಕಾರ, ಬ್ಯಾನರ್‌ನ ವಿನ್ಯಾಸಗಳನ್ನು ಯಂತ್ರ ಮಾಡಲಿ. ಗೂಗಲ್ ಮತ್ತು ಮೆಟಾ ಜಾಹೀರಾತು ವ್ಯವಸ್ಥೆಗಳಲ್ಲಿ ಪಠ್ಯವನ್ನೂ ಚಿತ್ರವನ್ನೂ ತಾವಾಗಿಯೇ ಮಾರ್ಪಡಿಸುವ ಆಯ್ಕೆಗಳಿರುವುದರಿಂದ, ಹೊಸ ಜಾಹೀರಾತು ಹಾಕುವಾಗಲೆಲ್ಲ ಅವು ಚಾಲೂ ಇವೆಯೇ ಎಂದು ನೋಡುವುದು ಒಳ್ಳೆಯದು.

ಕಾನೂನಿನ ಕಡೆಯಿಂದ ನೋಡಿದರೂ ಹೊಣೆ ಮನುಷ್ಯರ ಮೇಲೆಯೇ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಮಸಾಲೆ ಗಿರಣಿಯ ಆ ಇಪ್ಪತ್ತು ಪೋಸ್ಟ್‌ಗಳಲ್ಲಿ ಒಂದು, ಪುಡಿಯ ಬಳಕೆಯಿಂದ ಮಧುಮೇಹ ಗುಣವಾಗುತ್ತದೆ ಎಂದಿತ್ತು. ಆಹಾರ ಪದಾರ್ಥವೊಂದು ರೋಗವನ್ನು ಗುಣಪಡಿಸುತ್ತದೆ ಎಂದು ಅನುಮತಿಯಿಲ್ಲದೆ ಹೇಳಿಕೊಳ್ಳುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳು ನಿಷೇಧಿಸಿವೆ. ಗುರೆಳ್ಳು ಚಟ್ನಿಯ ವಿವರವನ್ನು ಯಂತ್ರ ಇಂಗ್ಲಿಷಿಗೆ ತಂದಾಗ, ಎಳ್ಳಿಗಿಂತ ಬೇರೆಯೇ ಕಾಳಾದ ಗುರೆಳ್ಳು ಕಪ್ಪು ಎಳ್ಳಾಗಿತ್ತು. ಎಳ್ಳು ಒಗ್ಗದವರಿರುತ್ತಾರೆ, ಪೊಟ್ಟಣದ ಮೇಲಿನ ಒಂದು ಪದ ಅವರಿಗೆ ಆರೋಗ್ಯದ ಪ್ರಶ್ನೆ.

ಪೋಸ್ಟ್‌ಗಳನ್ನಾದರೂ ಹೊರಡುವ ಮುನ್ನ ಓದಬಹುದು. ಗ್ರಾಹಕರೊಂದಿಗೆ ನೇರವಾಗಿ ಮಾತಾಡುವ ಚಾಟ್‌ಬಾಟ್‌ನ ಉತ್ತರವನ್ನು ಮೊದಲೇ ಓದುವವರು ಯಾರೂ ಇರುವುದಿಲ್ಲ. ಏರ್ ಕೆನಡಾ ವಿಮಾನ ಸಂಸ್ಥೆಯ ಚಾಟ್‌ಬಾಟ್, ಅಜ್ಜಿಯ ಸಾವಿನ ಸಂದರ್ಭದಲ್ಲಿ ಪ್ರಯಾಣಿಸಬೇಕಿದ್ದ ಗ್ರಾಹಕರೊಬ್ಬರಿಗೆ ರಿಯಾಯಿತಿ ದರವನ್ನು ಟಿಕೆಟ್ ಪಡೆದ ನಂತರವೂ ಕೋರಬಹುದೆಂದು ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂಬ ಸಂಸ್ಥೆಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ತಳ್ಳಿಹಾಕಿ ಪರಿಹಾರ ಕೊಡಿಸಿತು. ನಾನು ಕೆಲಸ ಮಾಡುವ ಉದ್ಯಮಗಳಲ್ಲಿ ಅಂಗಡಿ ತೆರೆಯುವ ವೇಳೆ, ತೂಕ, ದರ, ಪಾರ್ಸೆಲ್ ತಲುಪುವ ದಿನ ಇಷ್ಟಕ್ಕೆ ಮಾತ್ರ ಚಾಟ್‌ಬಾಟ್ ಉತ್ತರಿಸುತ್ತದೆ; ಹಣ ವಾಪಸಾತಿ, ದೂರು, ಆರೋಗ್ಯದ ಪ್ರಶ್ನೆ ಬಂದ ಕೂಡಲೇ ಮಾತು ಮನುಷ್ಯರ ಕೈಗೆ ಹೋಗುತ್ತದೆ. ಗ್ರಾಹಕರ ಹೆಸರು, ಫೋನ್ ನಂಬರುಗಳಿರುವ ಪಟ್ಟಿಯನ್ನು ಯಾವ ಉಚಿತ ಸಾಧನಕ್ಕೂ ಹಾಕಬಾರದು ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲವಾದರೂ, ಹೇಳಬೇಕಾಗಿ ಬರುತ್ತಲೇ ಇದೆ.

ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಪ್ರಮಾಣದ್ದು. ನೂರು ಪೋಸ್ಟ್‌ಗಳನ್ನು ಬರೆಯಲು ಯಂತ್ರಕ್ಕೆ ಕೆಲವು ನಿಮಿಷಗಳು ಸಾಕು, ಆದರೆ ಒಂದೊಂದು ಮಾತನ್ನೂ ತೂಗಿ ನೋಡುವವರಿಗೆ ದಿನಗಳೇ ಬೇಕು. ಮೊದಲ ಹತ್ತನ್ನು ಗಮನವಿಟ್ಟು ಓದಿದವರು ಮೂವತ್ತನೆಯದಕ್ಕೆ ಬರುವಷ್ಟರಲ್ಲಿ, ಇಲ್ಲಿಯವರೆಗೆ ಸರಿಯಿತ್ತಲ್ಲ ಎಂಬ ನಂಬಿಕೆಯಿಂದ ಕಣ್ಣಾಡಿಸತೊಡಗುತ್ತಾರೆ. ಇದು ಆಲಸ್ಯವಲ್ಲ, ಮನುಷ್ಯರ ಗಮನದ ಮಿತಿ. ಹಾಗಾಗಿ ತಿಂಗಳಿಗೆ ಎಷ್ಟು ಪೋಸ್ಟ್ ಎಂಬುದನ್ನು ಓದುವವರ ಸಮಯ ನೋಡಿ ನಿರ್ಧರಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ಬೇಡ ಎಂದು ತಡೆಯುವ ಅಧಿಕಾರವೂ ಅವರಿಗಿರಬೇಕು.

ಮಸಾಲೆ ಗಿರಣಿಯಲ್ಲಿ ಈಗ ತಿಂಗಳಿಗೆ ಆರು ಪೋಸ್ಟ್‌ಗಳು ಹೊರಡುತ್ತವೆ. ಪ್ರತಿಯೊಂದು ಸರಕಿಗೂ ಒಂದು ಪುಟದ ಮಾಹಿತಿ ಪಟ್ಟಿ ಬರೆದಿಟ್ಟಿದ್ದೇವೆ: ಯಾವ ಕಾಯಿ, ಎಲ್ಲಿಯದು, ಏನು ಬೆರೆಸಿದೆ, ಯಾವ ಮಾತನ್ನು ಎಂದೂ ಹೇಳಬಾರದು. ಯಂತ್ರ ಆ ಪಟ್ಟಿಯ ಆಧಾರದ ಮೇಲೆ ಕರಡು ಮಾಡುತ್ತದೆ, ಮಗ ಓದಿ ಹೇಳುತ್ತಾರೆ, ತಾಯಿ ಕೇಳಿ ಒಪ್ಪುತ್ತಾರೆ ಇಲ್ಲವೇ ತಡೆಯುತ್ತಾರೆ. ಕಳೆದ ಅಕ್ಟೋಬರ್‌ನ ಒಂದು ಕರಡಿನಲ್ಲಿ “ಹೊಸ ಸುಗ್ಗಿಯ ಕಾಯಿ” ಎಂದಿತ್ತು. ಹೊಸ ಕಾಯಿ ಮಾರುಕಟ್ಟೆಗೆ ಬರಲು ಇನ್ನೂ ತಿಂಗಳುಗಳಿವೆ, ಈಗ ಪುಡಿ ಮಾಡುತ್ತಿರುವುದು ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಹಳೆಯ ಕಾಯಿ ಎಂದು ತಾಯಿ ನೆನಪಿಸಿದರು. ಬಣ್ಣ ಕೆಡದಂತೆ ಅಲ್ಲಿ ಇಡುತ್ತೇವೆ ಎಂಬುದನ್ನೇ ಬರೆಯಿರಿ, ಅದರಲ್ಲಿ ಮುಚ್ಚಿಡುವಂಥದ್ದೇನಿದೆ ಎಂದು ಕೇಳಿದರು. ಪೋಸ್ಟ್ ಅವರು ಹೇಳಿದಂತೆಯೇ ಹೊರಟಿತು.