ಹ್ಯಾಕಿಂಗ್‌ಗೂ ಒಂದು ಗರಡಿ

ಎಥಿಕಲ್ ಹ್ಯಾಕಿಂಗ್, ಅಂದರೆ ಅನುಮತಿ ಪಡೆದು ಕಂಪ್ಯೂಟರ್‌ಗಳ ಭದ್ರತಾ ದೋಷ ಹುಡುಕುವ ವಿದ್ಯೆ, ಕಲಿಯಲು ಹೊರಟ ಬಳ್ಳಾರಿಯ ವಿದ್ಯಾರ್ಥಿಗೆ ಪಾಠ, ವಿಡಿಯೋಗಳಿಗೇನೂ ಬರವಿಲ್ಲ. ಕಲಿತದ್ದನ್ನು ಎಲ್ಲಿ ಮಾಡಿ ನೋಡುವುದು ಅನ್ನೋದೇ ಕಷ್ಟ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೋ ಶಕ್ತಿನಗರದ ವಿದ್ಯುತ್ ಸ್ಥಾವರವೋ ಪ್ರಯೋಗದ ಜಾಗಗಳಲ್ಲ. ಕಾಲೇಜಿನ ವೆಬ್‌ಸೈಟ್ ಕೂಡ ಅಲ್ಲ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್ ಒಳಗೆ ಹೋದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43ರಂತೆ ಪರಿಹಾರ ಕಟ್ಟಬೇಕಾಗುತ್ತದೆ. ಅದನ್ನೇ ಮೋಸದ ಉದ್ದೇಶದಿಂದ ಮಾಡಿದರೆ ಸೆಕ್ಷನ್ 66 ಇದೆ: 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕುಸ್ತಿಗೆ ಗರಡಿ ಇದ್ದಹಾಗೆ ಇದಕ್ಕೂ ಒಂದು ಜಾಗ ಬೇಕಿತ್ತು. ಅದು ಹುಟ್ಟಿದ್ದು ಅಮೆರಿಕದ ಲಾಸ್ ವೇಗಸ್‌ನಲ್ಲಿ. ಜೆಫ್ ಮಾಸ್ 1993ರಲ್ಲಿ ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮಾವೇಶ ಶುರು ಮಾಡಿದರು. 1996ರಲ್ಲಿ ಅಲ್ಲಿ 'ಕ್ಯಾಪ್ಚರ್ ದಿ ಫ್ಲ್ಯಾಗ್' ಸ್ಪರ್ಧೆ ಬಂತು. ಜನ ಇದನ್ನು ಸಿಟಿಎಫ್ ಅಂತಾರೆ. ಅಲ್ಲಿನ ಫೈನಲ್‌ಗಳಲ್ಲಿ ಹೆಸರಾದ ಬಗೆಯಲ್ಲಿ ಪ್ರತಿ ತಂಡವೂ ತನ್ನ ಸರ್ವರ್ ಕಾಯುತ್ತಲೇ ಎದುರಾಳಿಯ ಸರ್ವರ್‌ಗೆ ನುಗ್ಗಬೇಕು. ಹೊಸಬರಿಗೆ ಅದು ಭಾರ. ಅವರಿಗೆ ಒಗ್ಗಿದ್ದು ಬಿಡಿ ಬಿಡಿ ಸವಾಲುಗಳ ಇನ್ನೊಂದು ಬಗೆ. ವೆಬ್, ಗೂಢಲಿಪಿ, ಫೋರೆನ್ಸಿಕ್ಸ್ (ಡಿಜಿಟಲ್ ಕುರುಹು ಹುಡುಕೋದು) ಅಂತ ವಿಭಾಗಗಳಿರುತ್ತವೆ. ಬಿಡಿಸಿದರೆ 'ಫ್ಲ್ಯಾಗ್' ಎಂಬ ಗುಟ್ಟಿನ ಸಾಲು ಸಿಗುತ್ತದೆ, ಅದಕ್ಕೆ ಅಂಕ.

2013ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಶಾಲಾ ಮಕ್ಕಳಿಗಾಗಿ ಪಿಕೊಸಿಟಿಎಫ್ ತಂದಿತು. ಇದು ಉಚಿತ. ಕಮಾಂಡ್‌ಗಳನ್ನು ಟೈಪ್ ಮಾಡುವ ಲಿನಕ್ಸ್ ಟರ್ಮಿನಲ್ ಬ್ರೌಸರ್‌ನಲ್ಲೇ ತೆರೆದುಕೊಳ್ಳುವುದರಿಂದ ಹಳೇ ಲ್ಯಾಪ್‌ಟಾಪ್ ಸಾಕು. ನಮ್ಮ ದೇಶದಲ್ಲಿ ಕೇರಳದ ಅಮೃತಪುರಿಯ ವಿದ್ಯಾರ್ಥಿ ತಂಡ ಬಯೋಸ್, ಇನ್‌ಸಿಟಿಎಫ್ ಸ್ಪರ್ಧೆಯ ಮೂಲಕ ಈ ಆಟವನ್ನು ಕಾಲೇಜುಗಳಿಗೆ ಹತ್ತಿರ ತಂದಿತು. ಕಲಿಯೋಕೆ 300 ಕಿಲೋಮೀಟರ್ ಆಚೆಯ ಬೆಂಗಳೂರಿಗೇ ಹೋಗಬೇಕು ಅನ್ನುವ ಮಾತು ಈ ವಿಷಯದಲ್ಲಂತೂ ಹಳತಾಯಿತು.

ಮೊದಲ ದಿನಗಳಿಗೆ ನಾನು ಹೇಳುವುದು ಓವರ್‌ದವೈರ್ ಎಂಬ ವೆಬ್‌ಸೈಟಿನ ಬ್ಯಾಂಡಿಟ್ ಆಟ. ಒಂದು ಹಂತ ದಾಟಿದರೆ ಮುಂದಿನದರ ಪಾಸ್‌ವರ್ಡ್ ಸಿಗುತ್ತದೆ. ಶುರುವಿನಲ್ಲೇ ಒಂದು ತಮಾಷೆ ಇದೆ: ಪಾಸ್‌ವರ್ಡ್ ಇರುವ ಫೈಲಿನ ಹೆಸರು ಬರೀ ಒಂದು ಅಡ್ಡಗೆರೆ. ಫೈಲಿನಲ್ಲಿರುವುದನ್ನು ತೋರಿಸುವ 'ಕ್ಯಾಟ್' ಕಮಾಂಡನ್ನು ಎಂದಿನಂತೆ ಕೊಟ್ಟರೆ ಏನೂ ಬರುವುದಿಲ್ಲ, ಕಂಪ್ಯೂಟರ್ ಸುಮ್ನೆ ಕಾಯುತ್ತಾ ಕೂರುತ್ತದೆ. ಹಾಳಾಯ್ತೇನೋ ಅಂತ ಗಾಬರಿ ಬೇಡ. ಆ ಗೆರೆಯನ್ನು ಅದು 'ಕೀಬೋರ್ಡ್‌ನಿಂದ ಓದು' ಎಂದು ತಿಳಿದಿದೆ, ಅಷ್ಟೇ. ಹೆಸರಿಗೆ ಮೊದಲು ಚುಕ್ಕಿ, ಓರೆಗೆರೆ ಸೇರಿಸಿ (./-) 'ಇದೇ ಫೋಲ್ಡರ್‌ನ ಫೈಲ್' ಅಂದರೆ ತೆರೆಯುತ್ತದೆ. ಬರೆದವನು ಒಂದು ಅಂದುಕೊಂಡಿರುತ್ತಾನೆ, ಯಂತ್ರ ಇನ್ನೊಂದು ತಿಳಿದುಕೊಂಡಿರುತ್ತದೆ. ಎಷ್ಟೋ ಭದ್ರತಾ ದೋಷಗಳು ಹುಟ್ಟುವುದೇ ಈ ಸಂದಿಯಲ್ಲಿ ಅಲ್ವಾ? ಬಾಯಿಪಾಠ ಮಾಡಿ ತಂದ ಸರ್ಟಿಫಿಕೇಟ್‌ಗಿಂತ ಈ ಪೇಚಾಟವೇ ಜಾಸ್ತಿ ಕಲಿಸುತ್ತದೆ ಅನ್ನೋದು ನನ್ನ ಅನಿಸಿಕೆ.

ಆಟದಲ್ಲಿ ನೋಡಿದಂಥ ದೋಷವೇ ನಿಜವಾದ ವೆಬ್‌ಸೈಟಿನಲ್ಲಿ ಕಣ್ಣಿಗೆ ಬಿದ್ದರೆ ಕೆದಕಲು ಹೋಗಬೇಡಿ. ಆ ಸೈಟಿನವರಿಗೆ ತಿಳಿಸಿ, ಇಲ್ಲವೇ 2004ರಿಂದ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ಬರೆಯಿರಿ.